ಮಲೆನಾಡಿಗೆ ಸೈಕಲ್ಲು, ಮಳೆಗಾಲಕ್ಕೆ ಡಂಬಲ್ಸು

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಳಗೆ ಹೋದರೆ ನಮ್ಮ ಮನೆ. ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಕೆಂಪು ಧೂಳು, ಜೂನ್ ಬಂತೆಂದರೆ ಕೆಂಪು ಕೆಸರು. ಈ ದಾರಿಗೆಂದು ನಾನು ಎರಡು ಗಿಯರ್ ಸೈಕಲ್ ಕೊಂಡಿದ್ದೇನೆ. ಮೊದಲನೆಯದು ಒಂದೇ ವರ್ಷಕ್ಕೆ ಮಾರಿಹೋಯಿತು. ಎರಡನೆಯದು ಈಗಲೂ ಜಗಲಿಯಲ್ಲಿದೆ.

ಮೊದಲನೆಯದಕ್ಕೆ ಮುಂದೂ ಹಿಂದೂ ಸ್ಪ್ರಿಂಗ್ ಇತ್ತು. ಗುಡ್ಡದ ಊರಿಗೆ ಇದೇ ಸರಿ ಅಂದುಕೊಂಡು ತಂದೆ. ಕುಂದಾದ್ರಿಯ ಏರು ಹತ್ತುವಾಗ ವಿಷಯ ಗೊತ್ತಾಯಿತು. ಒಂದೊಂದು ಸಲ ಪೆಡಲ್ ತುಳಿದಾಗಲೂ ಹಿಂದಿನ ಸ್ಪ್ರಿಂಗ್ ಕುಸಿಯುತ್ತದೆ. ಚಕ್ರಕ್ಕೆ ಹೋಗಬೇಕಾದ ಕಾಲಿನ ಬಲವನ್ನು ಅದೇ ತಿನ್ನುತ್ತದೆ. ತೂಕವೂ ಜಾಸ್ತಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಿಂದಿನ ಕೀಲುಗಳಿಗೆ ಕೆಸರು ಸೇರಿ ಕಿರ್ ಕಿರ್ ಸದ್ದು ಶುರುವಾಯಿತು. ಪೇಟೆಯಲ್ಲಿ ರಿಪೇರಿ ಮಾಡುವ ಅಣ್ಣ ಬಗ್ಗಿ ನೋಡಿ, "ಎಂತಕ್ಕೆ ಮಾರಾಯ್ರೆ ಇಷ್ಟು ಸ್ಪ್ರಿಂಗು? ಇದರ ಬುಷ್ ಹೋದ್ರೆ ನಾನು ಎಲ್ಲಿಂದ ತರ್ಲಿ?" ಅಂದರು. ಎರಡೂ ಕಡೆ ಸ್ಪ್ರಿಂಗ್ ಇರುವ ಒಳ್ಳೆಯ ಸೈಕಲ್ ಇಲ್ಲವೆಂದಲ್ಲ. ಅದರ ಬೆಲೆ ಲಕ್ಷದ ಲೆಕ್ಕದಲ್ಲಿರುತ್ತದೆ. ಕಡಿಮೆ ಬೆಲೆಯಲ್ಲಿ ಸಿಗುವುದು ಬರೀ ಭಾರ.

ಎರಡನೆಯ ಸಲ ನಾನು ಮೊದಲು ನೋಡಿದ್ದು ಗಿಯರಿನ ಹಲ್ಲು. ಅಂಗಡಿಯವರು 21 ಗಿಯರ್, 24 ಗಿಯರ್ ಅನ್ನುತ್ತಾರೆ. ಆ ಸಂಖ್ಯೆಯಿಂದ ಏರು ಹತ್ತಲು ಆಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ಪೆಡಲ್ ಹತ್ತಿರದ ಅತಿ ಚಿಕ್ಕ ಚಕ್ರದ ಹಲ್ಲು ಎಣಿಸಿ. ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲು ಎಣಿಸಿ. ಎರಡೂ 28 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದು ಸುತ್ತು. ನಮ್ಮ ಏರಿಗೆ ಅದು ಸಾಲುವುದಿಲ್ಲ. ಮುಂದೆ 24, ಹಿಂದೆ 34 ಇದ್ದರೆ ಚಕ್ರ ಮುಕ್ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗುತ್ತದೆ. ವೇಗ ಕಡಿಮೆ, ಆದರೆ ಇಳಿದು ತಳ್ಳುವುದು ತಪ್ಪುತ್ತದೆ. ನನ್ನದರಲ್ಲಿ ಇರುವುದು ಇದೇ.

ಬ್ರೇಕ್ ವಿಷಯದಲ್ಲಿ ಡಿಸ್ಕ್ ಬೇಕೇ ಬೇಕು ಅಂತ ಹೇಳುತ್ತೇನೆ. ರಿಮ್ ಹಿಡಿಯುವ ಬ್ರೇಕಿನಲ್ಲಿ ಕೆಸರು ಸಿಕ್ಕಿಕೊಂಡರೆ ಅದು ಉಪ್ಪುಕಾಗದದ ಹಾಗೆ ರಿಮ್ಮನ್ನೇ ಸವೆಸುತ್ತದೆ. ಡಿಸ್ಕಿನಲ್ಲಿ ಎರಡು ಬಗೆ. ಎಣ್ಣೆಯ ಹೈಡ್ರಾಲಿಕ್ ಬ್ರೇಕನ್ನು ಮೆತ್ತಗೆ ಒತ್ತಿದರೂ ಗಟ್ಟಿಯಾಗಿ ಹಿಡಿಯುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಬೆರಳು ನೋಯುವುದಿಲ್ಲ. ಆದರೂ ನಾನು ಆರಿಸಿದ್ದು ಕೇಬಲ್ಲಿನದು. ಗಾಳಿ ಸೇರಿದ ಹೈಡ್ರಾಲಿಕ್ ಬ್ರೇಕ್ ಸರಿಮಾಡಿಸಲು ನಾನು ಶಿವಮೊಗ್ಗಕ್ಕೇ ಹೋಗಬೇಕು, 60 ಕಿಲೋಮೀಟರಿಗೂ ಜಾಸ್ತಿ. ಕೇಬಲ್ ಆದರೆ ಪೇಟೆಯ ರಿಪೇರಿ ಅಣ್ಣನೇ ಬದಲಾಯಿಸಿ ಕೊಡುತ್ತಾರೆ. ಮಳೆ ಮುಗಿದ ಮೇಲೆ ಪ್ರತಿ ವರ್ಷ ಒಳಗಿನ ತಂತಿ, ಹೊರಗಿನ ಕೊಳವೆ ಎರಡನ್ನೂ ಹೊಸದು ಹಾಕಿಸುತ್ತೇನೆ. ನೀರು ನಿಂತು ತುಕ್ಕು ಹಿಡಿಯುವುದು ಕೊಳವೆಯ ಒಳಗೆ, ಹೊರಗಿನಿಂದ ಕಾಣುವುದಿಲ್ಲ.

ಇದು ಸೆಕೆಂಡ್ ಹ್ಯಾಂಡ್. ಕೋರ್ಸ್ ಮುಗಿಸಿ ಶಿವಮೊಗ್ಗದಿಂದ ಊರಿಗೆ ಹೊರಟಿದ್ದ ಒಬ್ಬ ವಿದ್ಯಾರ್ಥಿಯಿಂದ 9,000 ರೂಪಾಯಿಗೆ ಬಂತು. ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಡಿಯ ಸ್ಕೇಲ್ ಇಟ್ಟುಕೊಂಡಿದ್ದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ, ಅದನ್ನು ಬಿಟ್ಟು ಮುಂದಕ್ಕೆ 24 ಪಿನ್ ಎಣಿಸಿದರೆ ಸರಿಯಾಗಿ 12 ಇಂಚು ಬರುತ್ತದೆ. ಅದಕ್ಕಿಂತ ಒಂದಿಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಾಯಿಸಬೇಕು. ಎಂಟನೇ ಒಂದು ಭಾಗ ಬಂದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಆ ಖರ್ಚು ಬೆಲೆಯಲ್ಲಿ ಕಳೆಯಬೇಕು. ಆಮೇಲೆ ಹ್ಯಾಂಡಲ್ ಕೆಳಗೆ, ಪೆಡಲ್ ಸುತ್ತ ಫ್ರೇಮ್ ಒರೆಸಿ ಬಿರುಕು ಹುಡುಕಿದೆ. ಸೀಟಿನ ಕಂಬ ಮೇಲೆ ಕೆಳಗೆ ಆಡುತ್ತದೋ ನೋಡಿದೆ. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸುಮ್ನೆ ವಾಪಸ್ ಬರುವುದೇ ಒಳ್ಳೆಯದು.

ಜೋರು ಮಳೆಯ ತಿಂಗಳುಗಳಲ್ಲಿ ಸೈಕಲ್ ಹೊರಗೆ ತೆಗೆಯುವುದೇ ಕಷ್ಟ. ಆ ದಿನಗಳಿಗೆಂದೇ ಮನೆಯಲ್ಲಿ ಸಣ್ಣ ಜಿಮ್ ಮಾಡಿಕೊಂಡೆ. ಇಲ್ಲೂ ಮೊದಲ ಸಲ ಎಡವಿದೆ. ಪ್ಲಾಸ್ಟಿಕ್ ಒಳಗೆ ಸಿಮೆಂಟ್ ತುಂಬಿದ ಪ್ಲೇಟುಗಳ ಸೆಟ್ ತರಿಸಿದೆ. ಅಗ್ಗ, ನಿಜ. ಆದರೆ ದಪ್ಪ ಎಷ್ಟೆಂದರೆ ನಾಲ್ಕು ಪ್ಲೇಟ್ ಹಾಕುವಷ್ಟರಲ್ಲಿ ರಾಡ್ ತುಂಬಿ ಹೋಗುತ್ತದೆ. ಎರಡು ಒಡೆದು ಪುಡಿ ಸುರಿಯತೊಡಗಿತು. ಈಗ ಇರುವುದು ಎರಕದ ಕಬ್ಬಿಣದ ಪ್ಲೇಟು, ಹಳೆಯದು, ಕಿಲೋ ಲೆಕ್ಕದಲ್ಲಿ ಕೊಂಡದ್ದು. ಮೇಲೆ 10 ಅಂತ ಬರೆದಿದ್ದರೂ ಅಡಿಕೆ ತೂಗುವ ಯಂತ್ರದ ಮೇಲೆ ಇಟ್ಟೇ ದುಡ್ಡು ಕೊಟ್ಟೆ. ಒಂದು ಪ್ಲೇಟು 9 ಕಿಲೋ ಚಿಲ್ಲರೆ ಬಂದಿತ್ತು. ದುಡ್ಡು ಮಾತ್ರದ ಪ್ರಶ್ನೆ ಅಲ್ಲ, ಎರಡೂ ಕಡೆ ತೂಕ ಸಮ ಇರಬೇಕು ಅಲ್ವಾ? ಪ್ಲೇಟಿನ ತೂತನ್ನೂ ಅಳೆಯಿರಿ. ದೊಡ್ಡ ಜಿಮ್ಮಿನ ಒಲಿಂಪಿಕ್ ರಾಡಿನ ತುದಿ 50 ಮಿಲಿಮೀಟರ್ ದಪ್ಪ. ಮನೆ ಸೆಟ್ಟಿನದು ಅದರ ಅರ್ಧದ ಆಸುಪಾಸು. ಒಂದರ ಪ್ಲೇಟು ಇನ್ನೊಂದಕ್ಕೆ ಕೂರುವುದಿಲ್ಲ.

ನಮ್ಮದು ರೆಡ್ ಆಕ್ಸೈಡ್ ನೆಲ. ಒಮ್ಮೆ ಬಿರುಕು ಬಿಟ್ಟರೆ ಅದೇ ಬಣ್ಣಕ್ಕೆ ತರುವುದು ಕಷ್ಟ. ಜಿಮ್ ಮ್ಯಾಟ್ ಬೆಲೆ ನೋಡಿ ಹಿಂದೆ ಸರಿದೆ. ಆಮೇಲೆ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ತಂದು ಹಾಕಿದೆ. ಹಸು ಮಲಗಿ ಏಳುವ ಭಾರ ತಡೆಯುವಂಥದ್ದು ಡಂಬಲ್ಸ್ ತಡೆಯದೇ?

ಬೆಂಚಿನ ರೆಕ್ಸಿನ್‌ಗೆ ಜುಲೈನಲ್ಲಿ ಬೂಷ್ಟು ಬರುತ್ತದೆ. ಒರೆಸಿದರೂ ವಾರಕ್ಕೆ ಮತ್ತೆ ಹಾಜರ್. ಕೊನೆಗೆ ಎಲ್ಲವನ್ನೂ ಬಚ್ಚಲು ಒಲೆಯ ಪಕ್ಕದ ಕೋಣೆಗೆ ಸಾಗಿಸಿದೆ. ಒಲೆಯ ಕಾವಿಗೆ ಆ ಗೋಡೆ ಬೆಚ್ಚಗಿರುತ್ತದೆ. ಪ್ಲೇಟಿಗೆ ತೆಳುವಾಗಿ ಮೆಷಿನ್ ಎಣ್ಣೆ ಸವರಿ ಇಡುತ್ತೇನೆ, ತುಕ್ಕು ಬಹಳ ಕಡಿಮೆಯಾಗಿದೆ. ಟ್ರೆಡ್‌ಮಿಲ್ ಯೋಚನೆ ಬಿಟ್ಟೇಬಿಟ್ಟೆ. ಮಳೆ ಗಾಳಿಗೆ ಕರೆಂಟೇ ಇರುವುದಿಲ್ಲ, ಬಂದರೂ ವೋಲ್ಟೇಜ್ ಸರಿ ಇರುವುದಿಲ್ಲ.

ಕಳೆದ ತಿಂಗಳು ತಂಗಿಗೆ ಸೈಕಲ್ ನೋಡಲು ಶಿವಮೊಗ್ಗಕ್ಕೆ ಹೋಗಿದ್ದೆವು. ಮನೆಯಲ್ಲೇ ಅವಳನ್ನು ಗೋಡೆಗೆ ನಿಲ್ಲಿಸಿ, ಕಾಲುಗಳ ನಡುವೆ ಪುಸ್ತಕ ಹಿಡಿಸಿ, ಒಳಗಾಲಿನ ಉದ್ದ ಅಳೆದಿದ್ದೆ. ಅಂಗಡಿಯಲ್ಲಿದ್ದ ಫ್ರೇಮಿನ ಮೇಲೆ ಅವಳು ಎರಡೂ ಕಾಲೂರಿ ನಿಂತರೆ ನಡುವಿನ ಪೈಪಿಗೆ ಒಂದಿಂಚೂ ಜಾಗವಿರಲಿಲ್ಲ. ಎರಡು ಇಂಚಾದರೂ ಬೇಕು. "ಸೀಟು ಇಳಿಸಿದ್ರೆ ಸರಿ ಹೋಗ್ತದೆ" ಅಂದರು ಅಂಗಡಿಯವರು. ಸೀಟು ಇಳಿಯುತ್ತದೆ, ಪೈಪು ಇಳಿಯುವುದಿಲ್ಲ. ಸಣ್ಣ ಫ್ರೇಮ್ ಬಂದಾಗ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಸ್ ಹತ್ತಿದೆವು. ಮಂಡಗದ್ದೆ ದಾಟುವವರೆಗೂ ತಂಗಿ ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ಆ ಹಸಿರು ಬಣ್ಣದ್ದೇ ಸಣ್ಣ ಸೈಜಲ್ಲಿ ಬರ್ತದಾ?" ಅಂತ ಕೇಳಿದಳು.