ನಿದ್ದೆ ಪರೀಕ್ಷೆಗೆ ಒಂದು ರಾತ್ರಿ, 500 ರೂಪಾಯಿ ಠೇವಣಿ: ನನ್ನ ಅನುಭವ

ಮೂರು ಮಾತ್ರೆ ಕೊಟ್ಟರೂ ಬಿಪಿ 160ರಿಂದ ಇಳಿಯದ ರೋಗಿಗಳು ನಿಮ್ಮ ಹತ್ತಿರವೂ ಇರುತ್ತಾರೆ, ಅಲ್ವಾ? ವಿಜಯಪುರದ ನನ್ನ ಕ್ಲಿನಿಕ್ಕಿನಲ್ಲಿ ಅಂಥವರಿಗೆ ನಾಲ್ಕನೆಯ ಮಾತ್ರೆ ಬರೆಯುವ ಮೊದಲು ಒಂದು ರಾತ್ರಿಯ ನಿದ್ದೆ ನೋಡುತ್ತೇನೆ. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದರೆ ಬಿಪಿ ಸುಲಭಕ್ಕೆ ಇಳಿಯುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರದ್ದು, ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇರುವವರದ್ದೂ ನೋಡುತ್ತೇನೆ. ಶುರು ಮಾಡಿದಾಗ ಡಾಕ್ಟರ್ ಗೆಳೆಯನೊಬ್ಬ, "ನಮ್ಮ ಮಂದಿ ಬೆರಳಿಗೆ ವೈರ್ ಕಟಗೊಂಡು ಮಲಗ್ತಾರೇನಪಾ?" ಎಂದಿದ್ದ. ಮಲಗುತ್ತಾರೆ. ಇಲ್ಲಿಯವರೆಗೆ ಸುಮಾರು 130 ಜನ ಮಲಗಿದ್ದಾರೆ.

ಮೊದಲು ನಿದ್ದೆ ಲ್ಯಾಬಿಗೆ ಚೀಟಿ ಬರೆದು ಕಳಿಸುತ್ತಿದ್ದೆ. ಎಂಟು-ಹತ್ತು ಸಾವಿರ ಖರ್ಚು, ಊರು ಬಿಟ್ಟು ಹೋಗಬೇಕು. ಇಪ್ಪತ್ತು ಜನರಲ್ಲಿ ಇಬ್ಬರು ಹೋಗಿರಬಹುದು. ಆಮೇಲೆ ಹಗಲು ತೂಕಡಿಕೆಯ ಪ್ರಶ್ನೆಪಟ್ಟಿ ಹಿಡಿದೆ. ಅದೂ ಕೈಕೊಟ್ಟಿತು. ಹೃದಯದ ತೊಂದರೆ ಇರುವ ಬಹಳ ಜನಕ್ಕೆ ಉಸಿರು ಕಟ್ಟಿದರೂ ಹಗಲು ನಿದ್ದೆ ಬರುವುದಿಲ್ಲ. ಬಂದವರೂ ಅದು ಹೊಲದ ದಣಿವು ಅನ್ನುತ್ತಾರೆ.

ಕೊನೆಗೆ ರಕ್ತದ ಆಕ್ಸಿಜನ್ ಮಟ್ಟವನ್ನು ರಾತ್ರಿಯಿಡೀ ದಾಖಲಿಸುವ ಆಕ್ಸಿಮೀಟರ್ ತರಿಸಿದೆ. ಆರು ಸಾವಿರದ ಮೊದಲನೆಯದು ಬೆಳಗಿನ ಜಾವ ಬ್ಯಾಟರಿ ಸತ್ತು, ಇದ್ದ ದಾಖಲೆಯನ್ನೂ ಅಳಿಸಿಬಿಡುತ್ತಿತ್ತು. ಎರಡು ತಿಂಗಳು ಹಾಳಾಯಿತು. ಎರಡನೆಯದಕ್ಕೆ ಹನ್ನೊಂದು ಸಾವಿರದ ಹತ್ತಿರ ಕೊಟ್ಟೆ. ಬೆರಳಿಗೆ ಸಿಕ್ಕಿಸುವ ಅದರ ಪ್ರೋಬ್ ನಡುರಾತ್ರಿ ಜಾರುತ್ತಿತ್ತು. ಈಗ ಜಾರುವುದಿಲ್ಲ. ಹೇಗೆ ಕಟ್ಟುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ವಿಜಯಪುರಕ್ಕೆ ಬನ್ನಿ, ತೋರಿಸುತ್ತೇನೆ. 500 ರೂಪಾಯಿ ಠೇವಣಿ ಇಟ್ಟುಕೊಂಡು ಮನೆಗೆ ಕೊಡುತ್ತೇನೆ. ಒಂದೂ ಕಳೆದಿಲ್ಲ.

ನನ್ನ ಕಣ್ಣು ತೆರೆಸಿದವರು ಬಾಗೇವಾಡಿ ಕಡೆಯ ಒಬ್ಬ ಮೇಷ್ಟ್ರು. ಎರಡು ಸ್ಟೆಂಟ್, ದಪ್ಪ ಕುತ್ತಿಗೆ, ಟೇಲರ್ ಟೇಪಿನಲ್ಲಿ 43 ಸೆಂಟಿಮೀಟರ್. "ನಿದ್ದಿ ಛಲೋ ಬರ್ತೈತ್ರಿ ಸಾಹೇಬ್ರ" ಅಂದರು. ಬಾಗಿಲ ಹತ್ತಿರ ಕೂತಿದ್ದ ಅವರ ಹೆಂಡತಿ, "ಎಲ್ಲಿ ಛಲೋರಿ? ಗೊರಕಿ ಹೊಡಕೋಂತ ಒಮ್ಮಿಗೇ ಸುಮ್ಮ ಆಗ್ತಾರ್ರಿ. ಉಸುರು ಐತೋ ಇಲ್ಲೋ ಅಂತ ನಾ ಮೂಗಿನ ಮುಂದ ಕೈ ಹಿಡದು ನೋಡ್ತೀನ್ರಿ" ಅಂದರು. ಆ ರಾತ್ರಿಯ ಗ್ರಾಫ್ ಗರಗಸದ ಹಲ್ಲಿನ ಹಾಗಿತ್ತು. ಆಕ್ಸಿಜನ್ ಗಂಟೆಗೆ ಮೂವತ್ತೈದು ಸಲವಾದರೂ ಇಳಿದಿತ್ತು, ಒಮ್ಮೆ ಶೇಕಡಾ 71ಕ್ಕೆ. ಮನೆಯಲ್ಲೇ ಉಸಿರು, ಆಕ್ಸಿಜನ್ ಎಲ್ಲ ಒಟ್ಟಿಗೆ ದಾಖಲಿಸುವ ನಾಲ್ಕು ಚಾನೆಲ್ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಂಡೆ. ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡುವ ಸಿಪ್ಯಾಪ್ ಮಷಿನ್ ಮೊದಲ ತಿಂಗಳು ಬಾಡಿಗೆಗೆ, ಸುಮಾರು ಮೂರು ಸಾವಿರ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದವರು ಒಂದೇ ಸಲ ಏಳತೊಡಗಿದರು. ಬಿಪಿ ಹತ್ತರಷ್ಟು ಇಳಿಯಿತು. ಎಲ್ಲರಲ್ಲೂ ಇಷ್ಟು ಇಳಿಯಲ್ಲ, ಸರಾಸರಿ ಎರಡು-ಮೂರು ಅಂಕಿ ಅಷ್ಟೇ.

2016ರ ಸೇವ್ ಅಧ್ಯಯನದಲ್ಲಿ ಸಿಪ್ಯಾಪ್‌ನಿಂದ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕಡಿಮೆ ಆಗಲಿಲ್ಲ ಅಂತ ಈಗಲೂ ಕೆಲವರು ವಾದ ಹೂಡುತ್ತಾರೆ. ನಿಜ. ಆದರೆ ಅಲ್ಲಿ ಜನ ಅದನ್ನು ಹಾಕಿಕೊಂಡಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ನಾನು ನಾಲ್ಕು ಗಂಟೆ ದಾಟಿಸಲು ಜಗಳ ಆಡುತ್ತೇನೆ. ಮೀಸೆಯಿಂದ ಗಾಳಿ ಸೋರುವವರಿಗೆ ಮೀಸೆ ತೆಗೀರಿ ಅನ್ನುವುದಿಲ್ಲ, ಮೂಗಿನ ಹೊಳ್ಳೆಗೆ ಕೂರುವ ಮಾಸ್ಕ್ ಕೊಡುತ್ತೇನೆ.

ಒಮ್ಮೆ ಮಾತ್ರ ದೊಡ್ಡ ತಪ್ಪು ಆಗುವುದರಲ್ಲಿತ್ತು. ಎಜೆಕ್ಷನ್ ಫ್ರಾಕ್ಷನ್, ಅಂದರೆ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು, ಶೇಕಡಾ 30 ಇದ್ದವರಿಗೆ, ಉಸಿರಿಗೆ ತಕ್ಕಂತೆ ಗಾಳಿಯ ಒತ್ತಡ ಬದಲಿಸುವ ಎಎಸ್‌ವಿ ಮಷಿನ್ ಬರೆಯಹೊರಟಿದ್ದೆ. ಅವರದ್ದು ಗಂಟಲು ಮುಚ್ಚುವ ತೊಂದರೆ ಅಲ್ಲ, ಮೆದುಳಿನ ಸೂಚನೆ ತಪ್ಪಿ ಉಸಿರು ಏರಿ ಇಳಿದು ನಿಲ್ಲುವ ಸೆಂಟ್ರಲ್ ಬಗೆ. ಎಜೆಕ್ಷನ್ ಫ್ರಾಕ್ಷನ್ 45 ಅಥವಾ ಅದಕ್ಕಿಂತ ಕಡಿಮೆ ಇರುವ ಇಂಥವರಲ್ಲಿ ಎಎಸ್‌ವಿಯಿಂದ ಸಾವು ಜಾಸ್ತಿ ಆಯಿತು ಅಂತ 2015ರಲ್ಲೇ ಸರ್ವ್-ಎಚ್‌ಎಫ್ ಅಧ್ಯಯನ ತೋರಿಸಿತ್ತು. ಬರೆದ ಚೀಟಿ ಹರಿದು, ಹಾರ್ಟ್ ಫೇಲ್ಯೂರ್ ಮಾತ್ರೆಗಳನ್ನು ಸರಿ ಮಾಡಿದೆ. ಆಕ್ಸಿಮೀಟರ್ ಒಂದನ್ನೇ ನಂಬಿ ಮಷಿನ್ ಬರೆಯಬೇಡಿ.

ಬೆನ್ನಿಗೆ ಚೆಂಡು ಹೊಲಿದ ಬನಿಯನ್ನನ್ನೂ ನೋಡಿದೆ. ಅಂಗಾತ ಮಲಗಿದಾಗ ಮಾತ್ರ ತೊಂದರೆ ಇರುವ ನಾಲ್ಕೈದು ಜನಕ್ಕೆ ಉಪಯೋಗ ಆಯಿತು. ಖರ್ಚು ಐವತ್ತು ರೂಪಾಯಿ. ಸಿಪ್ಯಾಪ್ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರಿಗೆ ನಮ್ಮ ಬೋರ್ ನೀರು ಹಾಕಿದರೆ ಎರಡೇ ತಿಂಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಹಾಕಿ.

ಈಗ ನನ್ನ ಹತ್ತಿರ ಮೂರು ಆಕ್ಸಿಮೀಟರ್ ಇವೆ. ಒಂದು ಹೋದ ವಾರದಿಂದ ಆ ಗೆಳೆಯನ ಮನೆಯಲ್ಲಿದೆ, ಅವರ ತಂದೆಗೆ.