ತೆರಿಗೆ ಏರಿಸಲು ಎಷ್ಟು ಮತ ಬೇಕು? ಕ್ಯಾಲಿಫೋರ್ನಿಯಾದ ಮತಪತ್ರವನ್ನು ಓದುವ ಬಗೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರನ್ನು ಮೊದಲ ಮತಪತ್ರದಲ್ಲಿ ತಬ್ಬಿಬ್ಬುಗೊಳಿಸುವುದು ಅಭ್ಯರ್ಥಿಗಳ ಹೆಸರುಗಳಲ್ಲ, ‘ಪ್ರಪೊಸಿಷನ್’ಗಳು, ಅಂದರೆ ಮತದಾರರೇ ನೇರವಾಗಿ ಹೌದು ಅಥವಾ ಇಲ್ಲ ಎಂದು ತೀರ್ಮಾನಿಸುವ ಕಾನೂನು ಪ್ರಸ್ತಾವಗಳು. ಕರ್ನಾಟಕದಲ್ಲಿ ಆಸ್ತಿ ತೆರಿಗೆಯನ್ನೋ ಕಸದ ಶುಲ್ಕವನ್ನೋ ಏರಿಸುವಾಗ ಯಾರೂ ನಮ್ಮ ಮತ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆಯಷ್ಟೇ ಅಲ್ಲ, ಅದನ್ನು ಏರಿಸಲು ಎಷ್ಟು ಮತ ಬೇಕೆಂಬ ನಿಯಮವೂ ಮತದಾರರ ಮುಂದೆ ಬರುತ್ತದೆ. ಇಂಥ ಪ್ರಸ್ತಾವವನ್ನು ಓದುವ ಕ್ರಮಕ್ಕೆ 2010ರ ನವೆಂಬರ್‌ನಲ್ಲಿ ಗೆದ್ದ ಪ್ರಪೊಸಿಷನ್ 26 ಒಳ್ಳೆಯ ಉದಾಹರಣೆ.

ಮೊದಲು ಈಗಿರುವ ನಿಯಮವನ್ನು ತಿಳಿದುಕೊಳ್ಳಬೇಕು. 1978ರ ಪ್ರಪೊಸಿಷನ್ 13 ಆಸ್ತಿ ತೆರಿಗೆಯನ್ನು ನಿಗದಿತ ಮೌಲ್ಯದ ಶೇ 1ಕ್ಕೆ ಸೀಮಿತಗೊಳಿಸಿದ್ದಲ್ಲದೆ, ರಾಜ್ಯದ ತೆರಿಗೆಗಳನ್ನು ಹೆಚ್ಚಿಸಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕೆಂದು ವಿಧಿಸಿತು. 80 ಸದಸ್ಯರ ಅಸೆಂಬ್ಲಿಯಲ್ಲಿ 54, 40 ಸದಸ್ಯರ ಸೆನೆಟ್‌ನಲ್ಲಿ 27 ಮತ ಬೇಕು. ಅಂದರೆ ಸೆನೆಟ್‌ನಲ್ಲಿ ಕೇವಲ 14 ಮಂದಿ ಒಪ್ಪದಿದ್ದರೆ ತೆರಿಗೆ ಅಲ್ಲಿಗೇ ನಿಲ್ಲುತ್ತದೆ. ಶುಲ್ಕಗಳಿಗೆ ಮಾತ್ರ ಸರಳ ಬಹುಮತವೇ ಸಾಕಾಗಿತ್ತು.

ಹಾಗಾಗಿ ಎರಡನೆಯ ಹೆಜ್ಜೆಯೇ ಮುಖ್ಯವಾದದ್ದು: ಪ್ರಸ್ತಾವವು ಯಾವುದನ್ನು ತೆರಿಗೆ, ಯಾವುದನ್ನು ಶುಲ್ಕ ಎನ್ನುತ್ತದೆ ಎಂಬುದನ್ನು ಹುಡುಕಬೇಕು. ಸೀಸಬೆರೆತ ಬಣ್ಣದಂಥ ವಸ್ತುಗಳ ತಯಾರಕರಿಂದ, ಸೀಸದ ವಿಷಕ್ಕೆ ತುತ್ತಾದ ಮಕ್ಕಳ ತಪಾಸಣೆ ಮತ್ತು ಆರೈಕೆಗಾಗಿ ವಸೂಲು ಮಾಡುತ್ತಿದ್ದ ಹಣವು ಶುಲ್ಕವಾಗಬಲ್ಲದು, ಅದಕ್ಕೆ ಮೂರನೇ ಎರಡರ ಬಹುಮತ ಬೇಕಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1997ರಲ್ಲಿ ಸಿಂಕ್ಲೇರ್ ಪೇಂಟ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಆ ದಾರಿಯನ್ನು ಮುಚ್ಚಿದ್ದೇ ಪ್ರಪೊಸಿಷನ್ 26. ಸರ್ಕಾರ ವಸೂಲು ಮಾಡುವ ಯಾವುದೇ ಹಣವನ್ನು ಅದು ತೆರಿಗೆಯೆಂದು ಕರೆದು, ರಾಜ್ಯಕ್ಕೆ ಐದು, ಸ್ಥಳೀಯ ಸಂಸ್ಥೆಗಳಿಗೆ ಏಳು ವಿನಾಯಿತಿಗಳನ್ನು ಕೊಟ್ಟಿತು. ವಿನಾಯಿತಿ ಅನ್ವಯಿಸುತ್ತದೆಂದು ರುಜುವಾತುಪಡಿಸುವ ಹೊಣೆಯನ್ನೂ ಸರ್ಕಾರದ ಮೇಲೆಯೇ ಹೊರಿಸಿತು. ಒಟ್ಟು ಆದಾಯ ಹೆಚ್ಚದಿದ್ದರೂ, ಒಬ್ಬನೇ ಒಬ್ಬ ತೆರಿಗೆದಾರನ ಹೊರೆ ಏರಿದರೆ ಸಾಕು, ಮೂರನೇ ಎರಡರ ಮತ ಬೇಕಾಗುತ್ತದೆ.

ಇದೆಲ್ಲ ಮತಪತ್ರದ ಮೇಲಿನ ನಾಲ್ಕು ಸಾಲುಗಳಲ್ಲಿ ಸಿಗುವುದಿಲ್ಲ. ಚುನಾವಣೆಗೆ ಮುನ್ನ ಮನೆಗೆ ಬರುವ ಮತದಾರರ ಮಾಹಿತಿ ಕೈಪಿಡಿಯಲ್ಲಿ (ಇದು ಹಿಂದಿಯಲ್ಲೂ ದೊರೆಯುತ್ತದೆ) ಅಟಾರ್ನಿ ಜನರಲ್ ಬರೆದ ಸಾರಾಂಶವನ್ನು ದಾಟಿ, ಶಾಸಕಾಂಗದ ವಿಶ್ಲೇಷಕರ ಟಿಪ್ಪಣಿಯನ್ನು ಓದಿರಿ. ಪಕ್ಷಾತೀತವಾಗಿ ಬರೆಯಲಾಗುವ ಈ ಭಾಗವೇ ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಹೆಚ್ಚು ಬೆಲೆಯುಳ್ಳದ್ದು. ಕೊನೆಯಲ್ಲಿರುವ ಮೂಲಪಠ್ಯದಲ್ಲಿ ತೆಗೆದುಹಾಕುವ ಪದಗಳಿಗೆ ಅಡ್ಡಗೆರೆ ಎಳೆದಿರುತ್ತಾರೆ, ಸೇರಿಸುವ ಪದಗಳನ್ನು ಓರೆಯಕ್ಷರದಲ್ಲಿ ಮುದ್ರಿಸಿರುತ್ತಾರೆ. ಪರ-ವಿರೋಧದ ವಾದಗಳನ್ನು ಆಮೇಲೆ ಓದಿದರೆ ಸಾಕು. 26ರ ಬೆಂಬಲಿಗರು ‘ಗುಪ್ತ ತೆರಿಗೆ’ಗಳನ್ನು ತಡೆಯಿರಿ ಎಂದರೆ, ವಿರೋಧಿಗಳು ಇದು ಮಾಲಿನ್ಯಕಾರರಿಗೆ ರಕ್ಷೆ ಎಂದರು, ಪ್ರಚಾರಕ್ಕೆ ತೈಲ, ಮದ್ಯ ಮತ್ತು ತಂಬಾಕು ಕಂಪನಿಗಳು ಹಣ ಸುರಿದಿದ್ದವು. ಅಂತೂ ಅದು ಗೆದ್ದದ್ದು ಸುಮಾರು ಶೇ 52.5 ಮತಗಳಿಂದ. ಇತರರಿಗೆ ಮೂರನೇ ಎರಡನ್ನು ವಿಧಿಸಿದ ಪ್ರಸ್ತಾವಕ್ಕೆ ತಾನೇ ಆ ಮಟ್ಟವನ್ನು ಮುಟ್ಟಬೇಕಾದ ಅಗತ್ಯವಿರಲಿಲ್ಲ.

ಊರಿನ ಮಟ್ಟದ ತೆರಿಗೆಯಾದರೆ, ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿರಿ. 1996ರ ಪ್ರಪೊಸಿಷನ್ 218ರ ಪ್ರಕಾರ ಸಾಮಾನ್ಯ ನಿಧಿಗೆ ಹೋಗುವ ತೆರಿಗೆಗೆ ಮತದಾರರ ಸರಳ ಬಹುಮತ ಸಾಕು. ಸ್ಥಳೀಯ ಆಡಳಿತವೇ ಮುಂದಿಟ್ಟ, ನಿರ್ದಿಷ್ಟ ಉದ್ದೇಶಕ್ಕೆ ಮೀಸಲಾದ ತೆರಿಗೆಗೆ ಮೂರನೇ ಎರಡು ಬೇಕು. ಶಾಲಾ ಬಾಂಡ್‌ಗಳಿಗೆ (ಆಸ್ತಿ ತೆರಿಗೆಯಿಂದ ತೀರಿಸುವ ಸಾಲಗಳಿಗೆ) 2000ರಿಂದ ಶೇ 55 ಸಾಕಾಗಿದೆ. ವಸತಿ ಬಾಂಡ್‌ಗಳಿಗೂ ಅದನ್ನೇ ವಿಸ್ತರಿಸಹೊರಟ ಪ್ರಪೊಸಿಷನ್ 5 ಅನ್ನು ಮತದಾರರು 2024ರಲ್ಲಿ ತಿರಸ್ಕರಿಸಿದರು.

ನೀರು, ಒಳಚರಂಡಿ ಮತ್ತು ಕಸದ ಶುಲ್ಕಗಳು ಏರುವಾಗ ಮತಪತ್ರವೇ ಬರುವುದಿಲ್ಲ, ಬರುವುದು ಅಂಚೆಯಲ್ಲಿ ಒಂದು ನೋಟಿಸ್. ಅದನ್ನು ಜಾಹೀರಾತೆಂದು ಎಸೆಯಬಾರದು. ನೋಟಿಸ್ ಕಳುಹಿಸಿ ಕನಿಷ್ಠ 45 ದಿನಗಳ ನಂತರ ಬಹಿರಂಗ ವಿಚಾರಣೆ ನಡೆಯುತ್ತದೆ. ಶುಲ್ಕಕ್ಕೆ ಒಳಪಡುವ ಆಸ್ತಿಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳ ಪರವಾಗಿ ಲಿಖಿತ ಆಕ್ಷೇಪ ಬಂದರೆ ಏರಿಕೆಯನ್ನು ಕೈಬಿಡಬೇಕಾಗುತ್ತದೆ. ಒಂದು ಆಸ್ತಿಗೆ ಒಂದೇ ಆಕ್ಷೇಪ ಲೆಕ್ಕಕ್ಕೆ ಬರುವುದರಿಂದ, ಮನೆಯ ಒಬ್ಬರು ವಿಳಾಸ ಅಥವಾ ಆಸ್ತಿ ಸಂಖ್ಯೆಯನ್ನು ನಮೂದಿಸಿ, ಸಹಿ ಮಾಡಿದ ಪತ್ರವನ್ನು ವಿಚಾರಣೆ ಮುಗಿಯುವುದರೊಳಗೆ ತಲುಪಿಸಬೇಕು.