ಪ್ಲಗಿನ್ ಇಲ್ಲದ ವಿಮ್: ಸೆಟ್ಟಿಂಗ್ ಕೆಡದಂತೆ ಇಟ್ಟುಕೊಳ್ಳುವುದು ಹೇಗೆ?

ಫೈಲ್ ಹುಡುಕಲು ಫೈಂಡ್, ಫೋಲ್ಡರ್ ನೋಡಲು ನೆಟ್‌ಆರ್‌ಡಬ್ಲ್ಯು, ಪದ ಪೂರ್ತಿ ಮಾಡಲು ಕಂಟ್ರೋಲ್-ಎನ್. ಇವೆಲ್ಲ ವಿಮ್ ಎಂಬ ಪಠ್ಯ ಎಡಿಟರ್‌ನಲ್ಲೇ ಇವೆ, ಪ್ಲಗಿನ್ (ಹೆಚ್ಚುವರಿ ತಂತ್ರಾಂಶ) ಬೇಕಿಲ್ಲ. ಬೇಕಿರುವುದು ಹೋಮ್ ಫೋಲ್ಡರ್‌ನಲ್ಲಿ ಸೆಟ್ಟಿಂಗ್‌ಗಳನ್ನು ಬರೆದಿಡುವ ಒಂದು ವಿಮ್‌ಆರ್‌ಸಿ ಫೈಲ್, ಅಷ್ಟೆ. ಬೇರೆಯವರ ಐನೂರು ಸಾಲಿನ ಫೈಲನ್ನು ಇಡಿಯಾಗಿ ನಕಲು ಮಾಡಬೇಡಿ. ಅರ್ಥವಾಗದ ಸಾಲು ಕೈಕೊಟ್ಟಾಗ ಸರಿಪಡಿಸಲಾಗದು.

1. ಮೊದಲ ಸಾಲಿನಲ್ಲೇ ವಿಮ್‌ನ ಡಿಫಾಲ್ಟ್ಸ್ ಫೈಲನ್ನು (ಮೂಲ ಸೆಟ್ಟಿಂಗ್‌ಗಳ ಫೈಲ್) ಸೋರ್ಸ್ ಮಾಡಿ, ಅಂದರೆ ಲೋಡ್ ಮಾಡಿಸಿ. 8ನೇ ಆವೃತ್ತಿಯಿಂದೀಚೆಗೆ, ನಿಮ್ಮದೇ ವಿಮ್‌ಆರ್‌ಸಿ ಇದ್ದರೆ, ಅದು ಖಾಲಿ ಇದ್ದರೂ, ಆ ಫೈಲ್ ತಾನಾಗಿ ಲೋಡ್ ಆಗುವುದಿಲ್ಲ. ‘ಬಣ್ಣಗಳೆಲ್ಲ ಮಾಯವಾದವು’ ಎಂಬ ದೂರಿಗೆ ಬಹುಪಾಲು ಇದೇ ಕಾರಣ.

2. ಫೈಲ್ ಮುಚ್ಚಿದ ಮೇಲೂ ಅನ್‌ಡು ಇತಿಹಾಸ ಉಳಿಸುವ ಅನ್‌ಡುಫೈಲ್ ಆನ್ ಮಾಡಿ, ಅದನ್ನು ಎಲ್ಲಿಡಬೇಕೆಂದು ಹೇಳುವ ಅನ್‌ಡುಡಿರ್‌ಗೆ ಒಂದು ಫೋಲ್ಡರ್ ಕೊಡಿ. ಆ ಫೋಲ್ಡರನ್ನು ನೀವೇ ಸೃಷ್ಟಿಸಬೇಕು, ವಿಮ್ ಸೃಷ್ಟಿಸುವುದಿಲ್ಲ.

3. ಕೀಲಿಗಳಿಗೆ ಹೊಸ ಕೆಲಸ ಕೊಡಲು ಎನ್‌ಮ್ಯಾಪ್ ಬೇಡ, ಎನ್‌ನೋರೀಮ್ಯಾಪ್ ಬಳಸಿ.

4. ಎಡವುವುದು ಇಲ್ಲಿ: ಭಾಷೆಗೊಂದು ಸೆಟ್ಟಿಂಗ್. ಜಾವಾಸ್ಕ್ರಿಪ್ಟ್‌ಗೆ ಸಾಲಿನ ಮುಂದೆ 2 ಸ್ಪೇಸ್ ಬೇಕೆಂದರೆ ಆ ಸಾಲುಗಳನ್ನು ವಿಮ್ ಫೋಲ್ಡರಿನ ಆಫ್ಟರ್ ಒಳಗಿನ ಎಫ್‌ಟಿಪ್ಲಗಿನ್ ಫೋಲ್ಡರಿನಲ್ಲಿ ಜಾವಾಸ್ಕ್ರಿಪ್ಟ್.ವಿಮ್ ಎಂಬ ಫೈಲಿನಲ್ಲಿಡಿ. ಆಫ್ಟರ್ ಏಕೆಂದರೆ, ವಿಮ್‌ನ ಸ್ವಂತ ಫೈಲ್ ಓಡಿದ ಮೇಲೆ ನಿಮ್ಮದು ಓಡಬೇಕು. ಇಲ್ಲದಿದ್ದರೆ ಅದು ನಿಮ್ಮ ಸೆಟ್ಟಿಂಗನ್ನು ಬದಲಿಸಿಬಿಡಬಹುದು. ಅಲ್ಲಿ ‘ಸೆಟ್’ ಬರೆಯಬೇಡಿ, ‘ಸೆಟ್‌ಲೋಕಲ್’ ಬರೆಯಿರಿ. ‘ಸೆಟ್’ ಬರೆದರೆ ಎಕ್ಸ್‌ಪ್ಯಾಂಡ್‌ಟ್ಯಾಬ್ (ಟ್ಯಾಬ್ ಬದಲು ಸ್ಪೇಸ್ ಹಾಕುವ ಸೆಟ್ಟಿಂಗ್) ಆಮೇಲೆ ತೆರೆದ ಫೈಲುಗಳಿಗೂ ಹರಿಯುತ್ತದೆ. ಟ್ಯಾಬ್‌ನಿಂದ ಕಾಲಂ ಬೇರ್ಪಡಿಸಿದ ಡೇಟಾ ಫೈಲಿನಲ್ಲಿ ಟ್ಯಾಬ್ ಒತ್ತಿದರೆ ಸ್ಪೇಸ್ ಬೀಳುತ್ತದೆ, ಕಾಲಂ ಕೆಡುತ್ತದೆ. ಪೈಥಾನ್‌ನ 4 ಸ್ಪೇಸ್ ವಿಮ್ ಜೊತೆಗೇ ಬರುತ್ತದೆ, ಮತ್ತೆ ಬರೆಯುವುದು ದಂಡ.

ಆಟೋಕಮಾಂಡ್‌ಗಳನ್ನು (ಫೈಲ್ ತೆರೆದಾಗ, ಸೇವ್ ಮಾಡುವಾಗ ತಾನಾಗಿ ಓಡುವ ಆದೇಶಗಳು) ಆಗ್ರೂಪ್ ಎಂಬ ಗುಂಪಿನ ಒಳಗೇ ಇಡಿ. ಗುಂಪಿನ ಮೊದಲ ಸಾಲು ಆಶ್ಚರ್ಯಸೂಚಕ ಚಿಹ್ನೆ ಹೊತ್ತ ಆಟೋಕಮಾಂಡ್ ಆಗಿರಲಿ, ಅದು ಹಳೆಯದನ್ನು ತೆಗೆದುಹಾಕುತ್ತದೆ. ಇಲ್ಲದಿದ್ದರೆ ವಿಮ್‌ಆರ್‌ಸಿಯನ್ನು ಹತ್ತು ಸಲ ಮರುಲೋಡ್ ಮಾಡಿದರೆ, ಸೇವ್ ಮಾಡುವಾಗ ಅದೇ ಕೆಲಸ ಹನ್ನೊಂದು ಸಲ ನಡೆಯುತ್ತದೆ, ಎಡಿಟರ್ ನಿಧಾನವಾಗುತ್ತದೆ. ಕೊನೆಗೆ ಆಗ್ರೂಪ್ ಎಂಡ್ ಮರೆತರೆ ಮುಂದಿನ ಆಟೋಕಮಾಂಡ್‌ಗಳೂ ಅದೇ ಗುಂಪಿಗೆ ಸೇರುತ್ತವೆ. ಸಾಲಿನ ತುದಿಯ ಸ್ಪೇಸ್ ಅಳಿಸುವ ಆಟೋಕಮಾಂಡ್‌ನಿಂದ ಮಾರ್ಕ್‌ಡೌನ್ (ಸರಳ ಗುರುತುಗಳಿಂದ ರೂಪ ಕೊಡುವ ಪಠ್ಯ) ಫೈಲುಗಳನ್ನು ಹೊರಗಿಡಿ. ಅಲ್ಲಿ ತುದಿಯ ಎರಡು ಸ್ಪೇಸ್‌ಗೆ ‘ಹೊಸ ಸಾಲು’ ಎಂದರ್ಥ.

5. ವಿಮ್‌ಆರ್‌ಸಿ ಫೈಲನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಡಿ, ಒಂದು ಬದಲಾವಣೆಗೆ ಒಂದು ಕಮಿಟ್ (ದಾಖಲು).

6. ಏನೋ ಕೆಟ್ಟಿತೇ? ಮೊದಲು, ನಿಮ್ಮ ವಿಮ್‌ಆರ್‌ಸಿ ಲೋಡ್ ಆಗದಂತೆ ‘ಕ್ಲೀನ್’ ಆಯ್ಕೆ ಕೊಟ್ಟು ವಿಮ್ ತೆರೆಯಿರಿ. ಆಗಲೂ ತೊಂದರೆ ಇದ್ದರೆ ತಪ್ಪು ನಿಮ್ಮ ಫೈಲಿನದಲ್ಲ. ತೊಂದರೆ ಮಾಯವಾದರೆ ಎಂದಿನಂತೆ ತೆರೆದು, ‘ವರ್ಬೋಸ್ ಸೆಟ್’ ಮುಂದೆ ಅನುಮಾನದ ಆಯ್ಕೆಯ ಹೆಸರು, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಬರೆದು ಎಂಟರ್ ಒತ್ತಿ. ಅದನ್ನು ಕೊನೆಯದಾಗಿ ಬದಲಿಸಿದ್ದು ಯಾವ ಫೈಲ್ ಎಂದು ವಿಮ್ ತೋರಿಸುತ್ತದೆ.